ಮದುವೆ ಹಪ್ಪಳಕ್ಕೆ ಜರ್ಮನಿಯ ನಿಯಮ

"ಕೆಲಸಕ್ಕೆ ಕೂರೋ ಮುಂಚೆ ಎಲ್ಲರೂ ಬಳೆ ತೆಗೆದಿಡಿ. ತಲೇಲಿರೋ ಹೂವನ್ನೂ" ಎಂದು ಚಕ್ರಪಾಣಿ ಹೇಳಿದಾಗ, ಜಯನಗರದ ಆ ತಾರಸಿಯ ಮೇಲೆ ಹಪ್ಪಳ ಒತ್ತಲು ಸೇರಿದ್ದ ಐವರು ಮುತ್ತೈದೆಯರೂ ನಕ್ಕರು. ತಮಾಷೆ ಎಂದುಕೊಂಡಿದ್ದರು.

ತಮಾಷೆಯಾಗಿರಲಿಲ್ಲ. ಎರಡು ವರ್ಷ ಪಶ್ಚಿಮ ಜರ್ಮನಿಯಲ್ಲಿದ್ದು, ಉದ್ಯಮ ನಡೆಸುವ ವಿದ್ಯೆಯನ್ನೂ ಜೊತೆಗೆ ಸಂಸ್ಕೃತಿಯನ್ನೂ ಕಲಿತು, ಅವನು ಹಿಂದಿನ ವಾರವಷ್ಟೇ ಹಡಗಿನಿಂದ ಇಳಿದಿದ್ದ. ಅಕ್ಕ ಪಂಕಜಳಿಗೆ ಮೊದಲ ಸಲ ದೊಡ್ಡ ಆರ್ಡರು ಸಿಕ್ಕಿತ್ತು: ಒಂದು ಮದುವೆಗೆ ಸಾವಿರ ಹಪ್ಪಳ. ತಾನೇ ನಿಂತು ಮಾಡಿಸುತ್ತೇನೆಂದು ಅವಳನ್ನು ಒಪ್ಪಿಸಿದ್ದ. ಉದ್ದಿನ ಹಿಟ್ಟು ಕುಟ್ಟಿ ಆಗಿತ್ತು. ಮಧ್ಯಾಹ್ನದೊಳಗೆ ಒತ್ತದಿದ್ದರೆ ಅಷ್ಟೂ ಹಾಳು.

"ಅಲ್ಲಿ ಬಿಸ್ಕತ್ತು ಕಾರ್ಖಾನೇಲಿ ಒಂದು ಉಂಗುರಾನೂ ಹಾಕ್ಕೊಳೋ ಹಾಗಿಲ್ಲ. ಶುಚಿ ಅಂದ್ರೆ ಅದು" ಎನ್ನುತ್ತ ಐದು ಬಿಳಿ ಬಟ್ಟೆಗಳನ್ನು ಹಂಚಿದ. "ಕೂದಲು ಪೂರ್ತಿ ಮುಚ್ಚೋ ಹಾಗೆ ಕಟ್ಕೊಳಿ."

ಈಗ ಯಾರೂ ನಗಲಿಲ್ಲ. ಪಕ್ಕದ ಮನೆಯ ಸೀತಾಲಕ್ಷ್ಮಮ್ಮ ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ಕೆಳಗಿಟ್ಟರು.

"ನಮ್ಮ ಯಜಮಾನರು ಬೆಳಿಗ್ಗೆ ನೆಟ್ಟಗೆ ಊಟ ಮಾಡಿ ಆಫೀಸಿಗೆ ಹೋಗಿದಾರೆ ಕಣಪ್ಪಾ. ಇನ್ನೂ ಇದಾರೆ."

"ಇದೆಲ್ಲ ಮೂಢನಂಬಿಕೆ. ನಾವು ಮುಂದೆ ಬರದೇ ಇರೋದು ಇದಕ್ಕೇ."

"ನೀನು ಮುಂದೆ ಹೋಗಪ್ಪ. ನಾವು ಮನೆಗೆ ಹೋಗ್ತೀವಿ."

ಐವರೂ ಮೆಟ್ಟಿಲಿಳಿದು ಹೋದರು. ಪಂಕಜ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಳು.

"ಮದುವೆಯವರು ಬಂದ್ರೆ ಜರ್ಮನ್ ಭಾಷೇಲಿ ನೀನೇ ಉತ್ತರ ಹೇಳು ಕಣೋ. ಇನ್ನು ನನಗೆ ಯಾರು ಆರ್ಡರ್ ಕೊಡ್ತಾರೆ?"

ಅಷ್ಟರಲ್ಲಿ ಚೂಡಾಮಣಿ ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಇವರಿಬ್ಬರ ಸೋದರತ್ತೆ, ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡು ಅಂದಿನಿಂದ ಈ ಕುಟುಂಬದಲ್ಲೇ ಉಳಿದವರು. ತಲೆ ತುಂಬ ಸೆರಗು, ಬರಿಗೈ. ಮನೆಯಲ್ಲಿ ದಿನಬಳಕೆಯ ಹಪ್ಪಳವನ್ನು ಅವರಷ್ಟು ತೆಳುವಾಗಿ ಒತ್ತುವವರು ಇನ್ನೊಬ್ಬರಿರಲಿಲ್ಲ.

"ನೀನು ಹೇಳಿದ್ದೆಲ್ಲ ಕೆಳಗೆ ಕೇಳಿಸ್ತು ಚಕ್ರಪಾಣಿ" ಎಂದರು. "ನನಗೆ ತೆಗೆದಿಡೋಕೆ ಏನೂ ಇಲ್ಲ. ನಾನು ಕೂರ್ಲಾ?"

ಪಂಕಜ ಮಣೆಯನ್ನು ಅತ್ತೆಯ ಕಡೆಗೆ ತಳ್ಳಿ ತಮ್ಮನ ಮುಖ ನೋಡಿದಳು.

"ಅಯ್ಯೋ, ಬೇರೆ ಹಪ್ಪಳ ಆಗಿದ್ರೆ ಸರಿ ಅತ್ತೆ. ಇದು ಮದುವೇದು" ಎನ್ನುತ್ತ ಚಕ್ರಪಾಣಿ ಹಿಟ್ಟಿನ ಪಾತ್ರೆಯನ್ನು ಅವರ ಕೈಗೆ ಸಿಗದಷ್ಟು ದೂರ ಸರಿಸಿದ.