ಕಾರ್ಡು ಒಂದೇ ಇತ್ತು

ಕೇಬಲ್ಲಿಗೆ ಹೋದದ್ದು ಒಂದು ಊಟದ ದುಡ್ಡು ಅಷ್ಟೇ. ಹಳೆಯ ಟೇಪ್ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡನ್ನು ಮಾತ್ರ ಈಗ ಯಾರೂ ತಯಾರಿಸುವುದಿಲ್ಲ. ರಿಪೇರಿಯವನು ಊರೆಲ್ಲ ಜಾಲಾಡಿ ಒಂದನ್ನು ತಂದಿದ್ದ. ಟೇಪಿನಲ್ಲಿದ್ದದ್ದು ತೀರಿಕೊಂಡ ಅಮ್ಮ ಮಗ್ಗಕ್ಕೆಂದು ರಚಿಸಿದ ವಿನ್ಯಾಸಗಳು.

ಮೊದಲ ಹೂವು ಪರದೆಯ ಮೇಲೆ ಅರ್ಧ ಮೂಡಿ ನಿಂತುಬಿಟ್ಟಿತು. "ಕೇಬಲ್ ಸಡಿಲ ಆಗಿದೆ," ಎಂದು ತಮ್ಮನು ಕೈ ಹಾಕಿದ.

"ಕರೆಂಟ್ ಇದೆ ಕಣೋ! ರಿಪೇರಿಯವರು ಬರ್ಲಿ ತಡಿ," ಎಂದಳು ಅಕ್ಕ.

"ಟೀ ಕುಡಿಯೋಕೆ ಹೋದೋರು ನಾಳೆ ಬರ್ತಾರೆ ಬಿಡಕ್ಕ." ಅವನು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದ. ಚಟ್ ಎಂದಿತು; ಸುಟ್ಟ ವಾಸನೆ ಬಂತು.

ರಿಪೇರಿಯವನು ಬಂದು ಕಾರ್ಡನ್ನು ಮೂಸಿ ನೋಡಿದ. "ಟೇಪಿಗೇನೂ ಆಗಿಲ್ಲಮ್ಮ. ಕಾರ್ಡು ಸುಟ್ಟಿದೆ, ಓದೋ ದಾರೀನೇ ಹೋಯ್ತು."

ಅಮ್ಮನ ವಿನ್ಯಾಸಗಳಲ್ಲಿ ಒಂದೂ ಹಾಳಾಗಿರಲಿಲ್ಲ, ಒಂದೂ ಮಕ್ಕಳ ಕೈಗೆ ಸಿಗಲಿಲ್ಲ.