ಹಂಗಾಮಿ ಮೇಷ್ಟರು

ಮಂತ್ರಿಯ ತಲೆಗೆ ಅವಳ ಅಕ್ಕ ಕಪ್ಪು ಬಣ್ಣ ಹಚ್ಚುತ್ತಿದ್ದಳು. ಹೆಗಲ ಮೇಲೆ ಹಳೆಯ ಟವೆಲು, ಮುಂದೆ ಕನ್ನಡಿ. ಬಾಚಣಿಗೆಯ ತುದಿಯಿಂದ ಕೂದಲು ಸೀಳಿ ಬುಡಕ್ಕೆ ಬ್ರಷ್ಷು ಎಳೆಯುವ ಕೆಲಸ ಇನ್ನೂ ಅರ್ಧವಾಗಿತ್ತು. ಆಗ ಹಂಗಾಮಿ ಮೇಷ್ಟರು ಬಂದು ಬಾಗಿಲಲ್ಲಿ ನಿಂತರು. ಮಂತ್ರಿ ಏಳುವಂತಿರಲಿಲ್ಲ. ಕನ್ನಡಿಯಲ್ಲೇ ಅವರನ್ನು ನೋಡಿ ನಕ್ಕು, ಒಳಗೆ ಬನ್ನಿ ಅಂದಳು.

ರಾಜಕೀಯಕ್ಕೆ ಬರುವ ಮೊದಲು ಅವಳು ಭೌತವಿಜ್ಞಾನದ ಪ್ರಾಧ್ಯಾಪಕಿ. ಕಾರ್ಖಾನೆಯ ಹೊಗೆಗೆ ಬೆಳಕು ಹಾಯಿಸಿ, ನೀವು ಉಸಿರಾಡುವ ಗಾಳಿಯಲ್ಲಿ ಇಷ್ಟು ಮಸಿ ಇದೆ ನೋಡಿ ಎಂದು ನಡುಬೀದಿಯಲ್ಲಿ ನಿಂತು ಜನರಿಗೆ ತೋರಿಸಿದ್ದಳು. ಜನ ಹೊತ್ತು ಮೆರೆಸಿದರು, ಓಟು ಹಾಕಿ ಗೆಲ್ಲಿಸಿದರು. ಕಾಲೇಜಿನ ಕೆಲಸವನ್ನು ಮಾತ್ರ ಅವಳು ಬಿಡಲಿಲ್ಲ, ಸಂಬಳವಿಲ್ಲದ ರಜೆ ಹಾಕಿದಳು. ನಡುವೆ ಒಮ್ಮೆ ಸೋತು ಕಾಲೇಜಿಗೆ ಮರಳಿದ್ದು ಬಿಟ್ಟರೆ ಆ ರಜೆ ವರ್ಷ ವರ್ಷ ಉದ್ದವಾಯಿತು. ಅವಳ ಕುರ್ಚಿಯಲ್ಲಿ ಯಾರೂ ಇಲ್ಲ, ಆದರೆ ಅದು ಖಾಲಿಯೂ ಅಲ್ಲ. ಅವಳ ಪಾಠ, ಅವಳ ಲ್ಯಾಬು, ಅವಳ ವಿದ್ಯಾರ್ಥಿಗಳ ಪ್ರಯೋಗಗಳು ಎಲ್ಲವೂ ಅವಳ ಹಳೆಯ ಶಿಷ್ಯರಾದ ಈ ಮೇಷ್ಟರ ತಲೆ ಮೇಲೆ, ಅದೂ ಹಂಗಾಮಿಯಾಗಿ. ಅವರನ್ನು ಹಂಗಾಮಿ ಮೇಷ್ಟರೆಂದು ತಮಾಷೆಗೆ ಕರೆಯತೊಡಗಿದವಳೂ ಅವಳೇ. ಈಗ ಅವರ ತಲೆ ಅವಳದಕ್ಕಿಂತ ಬೆಳ್ಳಗಾಗಿತ್ತು.

ಮೇಷ್ಟರು ಕೂರಲಿಲ್ಲ, ನಿಂತೇ ಹೇಳಿದರು. ಸೋಮವಾರಕ್ಕೆ ಅವರಿಗೆ ಕಾಯಂ ಕೆಲಸದ ವಯಸ್ಸು ಮೀರುತ್ತದೆ. ವಯಸ್ಸು ಲೆಕ್ಕ ಹಾಕುವುದು ಹುದ್ದೆ ಖಾಲಿಯಾದ ದಿನಕ್ಕೆ. ಕಾಲೇಜಿಗೆ ಮೇಡಮ್ಮು ಬರೆಯುವ ರಾಜೀನಾಮೆಗೆ ಇವತ್ತು ಅಂಚೆಯ ಮುದ್ರೆ ಬಿದ್ದರೆ ಅವರು ಅರ್ಜಿ ಹಾಕಬಹುದು. ಇಲ್ಲವಾದರೆ ಸಾಯುವವರೆಗೆ ಹಂಗಾಮಿಯೇ. ಇವತ್ತು ಶನಿವಾರ, ಅಂಚೆ ಕಚೇರಿ ಮಧ್ಯಾಹ್ನಕ್ಕೆ ಮುಚ್ಚುತ್ತದೆ.

ಮಂತ್ರಿ ಬಹಳ ಮೃದುವಾಗಿ ಮಾತಾಡಿದಳು. ಚುನಾವಣೆ ಹತ್ತಿರ ಬಂದಿದೆ, ಇಂಥ ಹೊತ್ತಲ್ಲಿ ಬೇಡ, ವಯಸ್ಸಿನ ವಿಷಯ ತಾನು ಮೇಲಿನವರಿಗೆ ಹೇಳಿ ಸರಿಮಾಡಿಸುತ್ತೇನೆ, ಮುಂದಿನ ವರ್ಷ ಖಂಡಿತ ಎಂದೆಲ್ಲ ಹೇಳಿದಳು. ಅಕ್ಕನ ಕೈ ನಿಂತಿತು.

"ಎಷ್ಟು ಸಲ ಅವರ ಮೂಗಿಗೆ ತುಪ್ಪ ಸವರ್ತೀಯೆ? ಹೋದ ವರ್ಷ ಕಾಗದ ಬರೆದು ಡ್ರೈವರ್ ಕೈಲಿ ಕೊಟ್ಟೆ. ಅರ್ಧ ದಾರಿಗೆ ಫೋನ್ ಮಾಡಿ ವಾಪಸ್ ಕರೆಸ್ಕೊಂಡೆ. ಇನ್ನೂ ನಿನ್ನ ಚೀಲದಲ್ಲೇ ಕೊಳೀತಿದೆ."

"ನಿಂಗೇನು ಗೊತ್ತು, ಸುಮ್ನಿರು," ಮಂತ್ರಿಯ ದನಿ ಗಡುಸಾಯಿತು. "ನಾನು ಸೋತಾಗ ಒಬ್ಬನೂ ಫೋನ್ ಎತ್ತಲಿಲ್ಲ. ಬಾಗಿಲಿಗೆ ಒಂದು ನರಪಿಳ್ಳೆ ಬರಲಿಲ್ಲ. ನಂಗೆ ಅಂತ ಬಾಗಿಲು ತೆಗೆದಿದ್ದು ಆ ಲ್ಯಾಬೊಂದೇ."

"ಲ್ಯಾಬು ತೆಗೀಲಿಲ್ಲ ಮೇಡಂ, ನಾನು ತೆಗೆದೆ," ಅಂದರು ಮೇಷ್ಟರು. "ನೀವು ವಾಪಸ್ ಬಂದ ದಿನಾನೇ ನನ್ನ ಸಂಬಳ ನಿಂತುಹೋಯ್ತು. ಬೀಗದ ಕೈ ನಿಮ್ಮ ಮೇಜಿನ ಮೇಲಿಟ್ಟು ಮನೆಗೆ ಹೋದೆ. ಆಮೇಲೆ ಮನೆಮನೆಗೆ ಹೋಗಿ ಟ್ಯೂಷನ್ ಹೇಳ್ದೆ. ನಿಮ್ಮ ಅಕ್ಕೋರ ಮಗನಿಗೂ ಹೇಳಿದೀನಿ, ಇದೇ ಕೋಣೇಲಿ. ನೀವು ಒಂದು ದಿನ ಇಣುಕಿ ನೋಡಿ, ಓ ಬಿಡುವಾಗಿದೀರಾ, ಒಳ್ಳೇದಾಯ್ತು ಅಂದ್ರಿ."

ಮಂತ್ರಿ ಕನ್ನಡಿಯಿಂದ ಕಣ್ಣು ತೆಗೆದಳು. ಮೇಷ್ಟರು ದನಿ ಏರಿಸದೆ ಮುಂದುವರಿಸಿದರು.

"ನೀವು ಗೆದ್ರೆ ನಂಗೆ ಕೆಲಸ. ಸೋತ್ರೆ ಇಲ್ಲ. ಪ್ರತಿ ಎಣಿಕೆ ದಿನ ನಾನು, ನನ್ನ ಹೆಂಡ್ತಿ ಊಟ ಬಿಟ್ಟು ಕೂತಿರ್ತೀವಿ. ಇಷ್ಟೆಲ್ಲ ಆದ್ರೂ ನಿಮಗೇ ಓಟು ಹಾಕಿದೀನಿ ಮೇಡಂ. ಕಾರ್ಖಾನೆಯವ್ರ ಜೊತೆ ನೀವು ವೇದಿಕೆ ಮೇಲೆ ಕೂತ ವರ್ಷಾನೂ ಹಾಕಿದೀನಿ."

ಅಕ್ಕ ಬ್ರಷ್ಷನ್ನು ಬಟ್ಟಲಿಗೆ ಬಿಸಾಡಿದಳು. ಉಳಿದರ್ಧ ತಲೆಗೆ ತಾನು ಕೈ ಹಚ್ಚುವುದಿಲ್ಲ ಅಂದಳು. ಒಳಗೆ ಹೋಗಿ ಚೀಲ ತಂದು ತಂಗಿಯ ತೊಡೆಯ ಮೇಲೆ ಇಟ್ಟಳು. ಮಂತ್ರಿ ಅದರ ಜಿಪ್ಪನ್ನು ಅರ್ಧ ಎಳೆದಳು, ಮತ್ತೆ ಮುಚ್ಚಿದಳು. ಕೊನೆಗೆ ಕಾಗದ ತೆಗೆದು, ಹಳೆಯ ತಾರೀಖು ಹೊಡೆದುಹಾಕಿ ಹೊಸದು ಬರೆದು, ಲಕೋಟೆಗೆ ಸೇರಿಸಿ ಮೇಷ್ಟರ ಕಡೆ ಚಾಚಿದಳು. ಅವರು ಕೈ ಹಿಂದೆ ಕಟ್ಟಿಕೊಂಡರು. ತಾವು ಒಯ್ದರೆ ಮೇಷ್ಟರೇ ಹೆದರಿಸಿ ಬರೆಸಿಕೊಂಡರು ಎಂದು ಊರೆಲ್ಲ ಹೇಳುತ್ತದೆ ಅಂದರು. ಡ್ರೈವರನ್ನು ಕೂಗಲು ಮಂತ್ರಿ ಬಾಯಿ ತೆರೆದಳು.

"ಅವನು ಬೇಡ," ಅಂದಳು ಅಕ್ಕ. "ನೀನೇ ನಡಿ."

ನಲ್ಲಿಯ ಕೆಳಗೆ ತಲೆಯೊಡ್ಡಿ, ಒದ್ದೆ ಕೂದಲನ್ನು ಗಂಟು ಹಾಕಿ ಮಂತ್ರಿ ಹೊರಟಳು. ಬೀದಿಯ ತುದಿಯಲ್ಲೇ ಅಂಚೆ ಕಚೇರಿ. ಮೇಷ್ಟರು ನಾಲ್ಕು ಹೆಜ್ಜೆ ಹಿಂದೆ ನಡೆದರು. ಒಳಗೆ ಕಿಟಕಿಯವರೆಗೂ ಜನ. ಅರ್ಧ ಕಪ್ಪು ಅರ್ಧ ಬಿಳಿ ತಲೆಯ ಹೆಂಗಸನ್ನು ಯಾರೂ ಗುರುತು ಹಿಡಿಯಲಿಲ್ಲ. ಅವಳು ಅಭ್ಯಾಸಬಲದಿಂದ ನೇರ ಕಿಟಕಿಗೇ ಹೋಗಿ ಕೈಯೊಡ್ಡಿದಳು.

"ಸಾಲು ಆ ಕಡೆಯಿಂದ ಇದೆ ಮೇಡಂ," ಅಂದರು ಮೇಷ್ಟರು.

ಅವಳು ತಿರುಗಿ ನೋಡಿದಳು. ಮೇಷ್ಟರು ಕಣ್ಣು ತಗ್ಗಿಸಲಿಲ್ಲ. ಅವಳು ಹೋಗಿ ಎಲ್ಲರ ಹಿಂದೆ ನಿಂತಳು. ಸಾಲು ತೆವಳಿತು. ಅವಳ ಹಿಂದೆಯೂ ಜನ ಬಂದು ಸೇರಿದರು. ಅವಳ ಸರದಿ ಬಂದಾಗ ಕಿಟಕಿಯೊಳಗಿನ ಹೆಂಗಸು ಕಾಗದ ತೂಗಿ, ಚೀಟಿ ಅಂಟಿಸಿ, ಮುದ್ರೆ ಎತ್ತಿ ಹೊಡೆದು, ಹಿಂದಿದ್ದ ಚೀಲಕ್ಕೆ ಎಸೆದಳು.

ಮಂತ್ರಿ ಅಲ್ಲೇ ನಿಂತಿದ್ದಳು. ಬೆನ್ನ ಹಿಂದಿನವನು ಪಾರ್ಸೆಲ್ಲನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ನಿಮ್ದು ಆಯ್ತಲ್ಲಮ್ಮ," ಅಂದ. "ಸ್ವಲ್ಪ ಸರ್ಕೊಳ್ಳಿ."