ಹಳೇ ರಸ್ತೆಗೆ ಹದಿನೇಳು ನಿಂಬೆಹಣ್ಣು

ಹಾವೇರಿಯಿಂದ ಶಿರಸಿಗೆ ಹಳೇ ರಸ್ತೆ ಹಿಡಿದು ಹೋಗಬೇಕಾದರೆ ಹದಿನೇಳು ನಿಂಬೆಹಣ್ಣು ಬೇಕೆಂದು ನೀಲವ್ವ ಲೆಕ್ಕ ಹಾಕಿದಳು. ದಾರಿಯಲ್ಲಿ ಹದಿನಾರು ಕವಲು. ಮೇಲೊಂದು ಹೊರಡುವಾಗಿನ ಪೂಜೆಗೆ.

ಮೂವತ್ತು ವರ್ಷ ಅದೇ ರಸ್ತೆಯಲ್ಲಿ ಬಸ್ಸು ಓಡಿಸಿದವಳು ಅವಳು. ಈಗ ಕಾರುಗಳು ತಾವೇ ಓಡುತ್ತವೆ, ಎಂಟು ಸಾಲಿನ ಹೆದ್ದಾರಿ ಬಿಟ್ಟು ಇಳಿಯುವುದಿಲ್ಲ; ಇಳಿಸಿದರೂ ಪ್ರತಿ ಕವಲಿನಲ್ಲಿ ಮತ್ತೆ ಅದರತ್ತಲೇ ತಿರುಗುತ್ತವೆ. ಸ್ಟೀರಿಂಗ್ ಡ್ಯಾಶ್‌ಬೋರ್ಡಿನೊಳಗೆ ಮಡಚಿಕೊಂಡಿರುತ್ತದೆ.

“ಹಳೇ ರಸ್ತೆಗೆ ನಲವತ್ತು ನಿಮಿಷ ಹೆಚ್ಚು ಬೇಕು. ಕಾರಣ ತಿಳಿಸಿ,” ಎಂದಿತು ಕಾರು.

“ಹುಣಸೀಮರ ನೋಡಬೇಕು.”

“ಅದು ಕಾರಣಗಳ ಪಟ್ಟಿಯಲ್ಲಿಲ್ಲ.”

“ವೈನಿ, ಅದು ಹೇಳಿದಂಗ ಹೋಗೂಣಲ್ಲ?” ಎಂದಳು ನಾದಿನಿ ಕಾಶವ್ವ, ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು.

“ಯಾರೂ ಹೋಗಂಗಿಲ್ಲಂತ ಬರೂ ವರ್ಷ ಆ ರಸ್ತೀನ ಅಗದ ಹಾಕ್ತಾರಂತ. ನನ್ನ ಕಣ್ಣಿಗೆ ಮರ ನೋಡೂ ಆಸೆ ಆದರ ಯಾರ ಅಪ್ಪಣಿ ಬೇಕ?”

ಹೋದ ಆಯುಧಪೂಜೆಗೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗ ಕಾರು ಅದನ್ನು ತುಳಿಯಲು ಒಲ್ಲೆನೆಂದು ನಿಂತುಬಿಟ್ಟಿತ್ತು. ಅಡ್ಡಿ ದಾಟಿಸಲು ಸ್ಟೀರಿಂಗನ್ನು ಅವಳ ಕೈಗೇ ಕೊಟ್ಟಿತ್ತು. ನೀಲವ್ವನಿಗೆ ಉಪಾಯ ಹೊಳೆದದ್ದು ಅವತ್ತೇ.

ಮೊದಲ ಕವಲು ಬಂತು. ಎಡಕ್ಕೆ ಹೆದ್ದಾರಿ, ಬಲಕ್ಕೆ ಹುಣಸೆಮರಗಳ ಸಾಲು.

“ಒಗಿಯವ್ವ, ಕಾಶವ್ವ!”

ನಿಂಬೆಹಣ್ಣು ಕಿಟಕಿಯಿಂದ ಹಾರಿ ಮುಂದೆ ಉರುಳಿತು. ಕಾರು ಗಕ್ಕನೆ ನಿಂತಿತು.

“ಮುಂದೆ ಅಡ್ಡಿ ಇದೆ. ದಯವಿಟ್ಟು ಸ್ಟೀರಿಂಗ್ ಹಿಡಿಯಿರಿ.”

“ಹೂಂ, ಹಿಡದೆ,” ಎಂದು ನೀಲವ್ವ ಅದನ್ನು ಪೂರಾ ಬಲಕ್ಕೆ ತಿರುವಿದಳು. “ಇನ್ನ ನೀನೂ ಸುಮ್ಮನ ಕುಂತ ಮರ ನೋಡು.”